ಭಂಡಾರದ ಕಂಪು, ಮೆದುಳಿನ ಸಾಕ್ಷ್ಯ

ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯನ್ನು ಬಾಲ್ಯದಲ್ಲಿ ತಂದೆಯ ಹೆಗಲೇರಿ ಕಂಡಿದ್ದ ಹಿರಿಯರೊಬ್ಬರು, ಬೀದರಿನ ವೈದ್ಯಮಿತ್ರರ ಕೋಣೆಯಲ್ಲಿ ಸ್ವಸಮ್ಮತಿಯಿಂದ ಸಮ್ಮೋಹನಕ್ಕೆ ಕುಳಿತಾಗ, ಅವರ ಮುಖವನ್ನು ಸಮೀಪದಿಂದ ನೋಡುವ ಭಾಗ್ಯ ನನ್ನದಾಗಿತ್ತು. ಗೋಡೆಯ ಮೇಲಿನ ಚುಕ್ಕೆಯೊಂದರಲ್ಲಿ ನೆಟ್ಟ ದೃಷ್ಟಿ ಮಂದವಾಗಿ, ಉಸಿರು ನಿಧಾನಿಸಿ, ರೆಪ್ಪೆಗಳು ತಾವಾಗಿಯೇ ಮುಚ್ಚಿದ ಮೇಲೆ, ವೈದ್ಯರು ತಗ್ಗಿದ ದನಿಯಲ್ಲಿ “ಭಂಡಾರ ಹಾರ್ಲತ್ತದ ನೋಡ್ರಿ, ಕಾಕಾ” ಎಂದರು. ಅಷ್ಟೇ, ಅರಿಸಿನದ ಪುಡಿ ಕಣ್ಣಿಗೆ ಬಿದ್ದೀತೆಂಬಂತೆ ಮುಚ್ಚಿದ ರೆಪ್ಪೆಗಳು ಇನ್ನಷ್ಟು ಬಿಗಿದುವು, ಮೂಗಿನ ಹೊಳ್ಳೆಗಳು ಅರಳಿದುವು, ತೊಡೆಯ ಮೇಲಿದ್ದ ಬಲಗೈ ತಂದೆಯ ರುಮಾಲನ್ನು ಹಿಡಿಯುವಂತೆ ಮೇಲೆದ್ದಿತು.

ಇದನ್ನು ಅಭಿನಯವೆಂದು ಶಂಕಿಸುವವರುಂಟು. ಬರಿಯ ಸ್ಮರಣೆಯೆಂದು ತಳ್ಳಿಹಾಕುವವರೂ ಉಂಟು. ಬೆಲ್ಜಿಯಮ್ ದೇಶದ ಲಿಯೇಜಿನಲ್ಲಿ ಪಿಯರ್ ಮಾಕೆಯವರೂ ಅವರ ಸಂಗಡಿಗರೂ ಪೆಟ್ ಯಂತ್ರದಿಂದ ಮೆದುಳಿನ ರಕ್ತಸಂಚಾರವನ್ನು ಅಳೆದು 1999ರಲ್ಲಿ ಪ್ರಕಟಿಸಿದ ಅಧ್ಯಯನವು ಎರಡನೆಯ ಶಂಕೆಗೆ ಉತ್ತರವೀಯುತ್ತದೆ. ಬಾಳಿನ ಸುಖಪ್ರಸಂಗಗಳನ್ನು ಎಚ್ಚರದಲ್ಲಿ ಸುಮ್ಮನೆ ನೆನೆದಾಗ ಕಿವಿಯ ಮಗ್ಗುಲಿನ ಪಾರ್ಶ್ವಭಾಗಗಳು ಚುರುಕಾದರೆ, ಸಮ್ಮೋಹನದಲ್ಲಿ ಅಂತಹ ಪ್ರಸಂಗಗಳನ್ನು ಅನುಭವಿಸುವಾಗ ನೋಟಕ್ಕೂ ಸ್ಪರ್ಶಕ್ಕೂ ಅಂಗಚಲನೆಗೂ ಸಂಬಂಧಿಸಿದ ಕ್ಷೇತ್ರಗಳು ಜಾಗೃತವಾಗಿದ್ದುವು. ಕೆನಡದ ಹೆನ್ರಿ ಶೆಕ್ಟ್‌ಮನ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದುದು ಇನ್ನೂ ಸೋಜಿಗದ್ದು: ಮೆದುಳಿನ ಗೋಲಾರ್ಧದ ಒಳಮೈಯಲ್ಲಿ, ಮುಂದುಗಡೆಯಿರುವ ಸಿಂಗ್ಯುಲೇಟ್ ಎಂಬ ಮಡಿಕೆಯು ದನಿಯನ್ನು ನಿಜವಾಗಿ ಕೇಳಿದಾಗಲೂ, ಸಮ್ಮೋಹನದ ಸೂಚನೆಯಿಂದ ಕೇಳಿದಂತಾದಾಗಲೂ ಎಚ್ಚೆತ್ತು, ಕೇವಲ ಕಲ್ಪಿಸಿಕೊಂಡಾಗ ಸುಮ್ಮನಿತ್ತು.

ಆ ಮಡಿಕೆಯ ವಿಷಯದಲ್ಲಿ ನನಗೆ ವಿಶೇಷ ಕುತೂಹಲ. 1997ರಲ್ಲಿ ಮಾಂಟ್ರಿಯಲ್ಲಿನ ಪಿಯರ್ ರೆನ್ವಿಲ್ ಮತ್ತು ಸಂಗಡಿಗರು, 47 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕೈಯದ್ದಿದ ಸಮ್ಮೋಹಿತರಿಗೆ ಆ ನೋವಿನ ಅಹಿತವು ಹೆಚ್ಚುತ್ತಿದೆಯೆಂದೂ ಮತ್ತೊಮ್ಮೆ ತಗ್ಗುತ್ತಿದೆಯೆಂದೂ ಸೂಚನೆಯಿತ್ತಾಗ, ಸ್ಪರ್ಶಸಂವೇದನೆಯ ಕ್ಷೇತ್ರವು ಹೆಚ್ಚುಕಡಮೆ ಇದ್ದಂತೆಯೇ ಇದ್ದು, ಸಿಂಗ್ಯುಲೇಟ್ ಮಾತ್ರ ಸೂಚನೆಯನ್ನನುಸರಿಸಿ ಏರಿಳಿಯಿತು. ನೀರು ಅದೇ, ಕೈ ಅದೇ. ಬದಲಾದುದು ಅದು ಮನಸ್ಸಿಗೆ ತಟ್ಟಿದ ಬಗೆ. ಎಲ್ಲರೂ ಈ ಆಳಕ್ಕೆ ಇಳಿಯಲಾರರೆಂಬುದನ್ನೂ ಹೇಳಬೇಕು. ಸುಲಭವಾಗಿ ಇಳಿಯಬಲ್ಲವರು ಹತ್ತು ಜನರಲ್ಲಿ ಒಬ್ಬಿಬ್ಬರು.

ನಮ್ಮ ಸೀಮೆಯಲ್ಲಿ ಮೊಹರಮ್ಮಿನ ಅಲಾಯಿಯ ಮುಂದೆ ಕರ್ಬಲದ ಪದಗಳಿಗೆ ಕಣ್ಣೀರಿಡುವ ಹಿಂದೂ ಮುಸಲ್ಮಾನರನ್ನಾಗಲಿ, ದೇವರು ಮೈಮೇಲೆ ಬಂದವರನ್ನಾಗಲಿ ಸಮ್ಮೋಹಿತರೆನ್ನುವುದು ಆತುರದ ಮಾತು. ಅಲ್ಲಿ ಸಮುದಾಯವಿದೆ, ಶ್ರದ್ಧೆಯಿದೆ, ಹಲಗೆಯ ಲಯವಿದೆ. ಆದರೂ ಭಾವವನ್ನು ಕರೆಯುವ ದನಿಯು ಯಾವ ನುಡಿಯಲ್ಲಿರಬೇಕೆಂಬುದನ್ನು ಚಿಕಿತ್ಸಕನು ಆ ಪದಗಾರರಿಂದ ಕಲಿಯಬೇಕು. ತಾಯಿಯೊಡನೆ ಮರಾಠಿ, ಸಂತೆಯಲ್ಲಿ ಕನ್ನಡ, ನೆರೆಮನೆಯಲ್ಲಿ ದಖನಿ ಆಡಿ ಬೆಳೆದ ಔರಾದಿನ ಹೆಣ್ಣುಮಗಳೊಬ್ಬಳ ತವರಿನ ನೆನಪು ಗ್ರಂಥಸ್ಥ ಕನ್ನಡಕ್ಕೆ ಓಗೊಡುವುದೆಂದು ನಾನು ನಂಬಲಾರೆ.

ಶಾಲೆಯ ಗ್ಯಾದರಿಂಗಿನಲ್ಲಿ ಹುಡುಗರನ್ನು ವೇದಿಕೆಗೆ ಕರೆದು, ತೀರಿಹೋದ ಅಜ್ಜಿಯನ್ನು ಕಣ್ಮುಂದೆ ನಿಲ್ಲಿಸಿ ಅಳಿಸುವ ಪ್ರದರ್ಶನಕಾರರನ್ನಂತೂ ನನಗೆ ಕ್ಷಮಿಸಲಾಗದು: ಮಗುವಿನ ಮೆದುಳು ಆ ಶೋಕವನ್ನು ಆಟವೆಂದು ಎಣಿಸುವುದಿಲ್ಲ, ಎಬ್ಬಿಸಿದ ದುಃಖವನ್ನು ಸಮಾಧಾನಪಡಿಸಿ ಮನೆಗೆ ಕಳುಹಿಸಲು ಬೇಕಾಗುವ ಅರ್ಧಗಂಟೆಯ ವ್ಯವಧಾನ ಅವರ ಕಾರ್ಯಕ್ರಮದಲ್ಲಿ ಇರುವುದೂ ಇಲ್ಲ.