ಗುಲಾಬಿ ಉಪ್ಪು: ಬಣ್ಣವೆಷ್ಟು, ಗುಣವೆಷ್ಟು?

'84 ಖನಿಜಗಳುಳ್ಳ ಆರೋಗ್ಯಕರ ಉಪ್ಪು' ಎಂಬ ಪ್ರಚಾರವನ್ನು ನೀವು ಗಮನಿಸಿರಬಹುದು. ಪಾಕಿಸ್ತಾನದ ಖೇವ್ರಾ ಗಣಿಯಿಂದ ಬರುವ ಈ ಕಲ್ಲುಪ್ಪು ನಮಗೆ ಹಳೆಯ ಪರಿಚಯದ ಸೈಂಧವ ಲವಣವೇ. ಅದರ ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್ ಕಾರಣ.

ಲೆಕ್ಕ ಹಾಕಿ ನೋಡಿ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 5 ಗ್ರಾಂನಲ್ಲಿ ಶೇ. 2ರಷ್ಟು ಇತರ ಖನಿಜಗಳಿವೆ ಎಂದುಕೊಂಡರೂ ಎಲ್ಲ ಸೇರಿ 100 ಮಿಲಿಗ್ರಾಂ. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಒಂದೇ 300 ಮಿಲಿಗ್ರಾಂಗೂ ಹೆಚ್ಚು! ಉಪ್ಪಿನಲ್ಲಿ ಉಳಿದದ್ದು ಸೋಡಿಯಂ ಕ್ಲೋರೈಡ್. ರಕ್ತದೊತ್ತಡಕ್ಕೆ ಅದರ ಬಣ್ಣ ಲೆಕ್ಕಕ್ಕಿಲ್ಲ.

ಪ್ರಚಾರ ಮರೆಮಾಚುವುದು ಅಯೋಡಿನ್ ಸಂಗತಿಯನ್ನು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು. ಅಯೋಡೀಕೃತ ಉಪ್ಪು ಅಂಗಡಿಯಲ್ಲಿರುವಾಗ ಕನಿಷ್ಠ 15 ಪಿಪಿಎಂ ಅಯೋಡಿನ್ ಹೊಂದಿರಬೇಕು. ಅಂದರೆ 5 ಗ್ರಾಂನಲ್ಲಿ 75 ಮೈಕ್ರೋಗ್ರಾಂ, ಅಗತ್ಯದ ಅರ್ಧ. ಅಯೋಡಿನ್ ಬೆರೆಸದ ಕಲ್ಲುಪ್ಪಿನಿಂದ ದೊರೆಯುವುದು ಅತ್ಯಲ್ಪ. ಗಳಗಂಡ ತಡೆಯಲು ಬಂದ ಉಪ್ಪನ್ನು ಬಣ್ಣಕ್ಕೆ ಮರುಳಾಗಿ ಬಿಡುವುದು ಸರಿಯೇ?

ರುಚಿಯ ವ್ಯತ್ಯಾಸ ಮಾತ್ರ ಸುಳ್ಳಲ್ಲ. ಸಾಣಿಕಟ್ಟಾದಂಥ ಕಡಲುಪ್ಪಿನ ಹರಳು ನಾಲಿಗೆಯ ಮೇಲೆ ನಿಧಾನವಾಗಿ ಕರಗುತ್ತದೆ. ಮೆಗ್ನೀಸಿಯಂ ಲವಣಗಳಿದ್ದರೆ ತುಸು ಕಹಿಯೂ ಉಂಟು. ಆದರೆ ಸಾರಿನಲ್ಲಿ ಕರಗಿದ ಮೇಲೆ ಯಾವ ಉಪ್ಪೆಂದು ಗುರುತಿಸುವುದು ಕಷ್ಟ.

ತರಗತಿಯಲ್ಲಿ ಪುಡಿ ಉಪ್ಪು, ಹರಳುಪ್ಪು ಎರಡನ್ನೂ ಒಂದೊಂದು ಚಮಚ ತೂಗಿ ನೋಡಿ. ತೂಕ ಒಂದೇ ಬರುತ್ತದೆಯೇ? ಆರೋಗ್ಯದ ಲೆಕ್ಕ ಇರಬೇಕಾದದ್ದು ಚಮಚದಲ್ಲಲ್ಲ, ಗ್ರಾಂನಲ್ಲಿ.