‘ಊಳು’: ಅನುಕರಣವೆಂಬ ಹಣೆಪಟ್ಟಿಯ ಆಚೆಗೆ

ಶೋಕಧ್ವನಿಯನ್ನು ಸೂಚಿಸುವ ಕನ್ನಡದ ಪದಗಳಲ್ಲಿ ‘ಊಳು’ ಎಂಬುದಕ್ಕೆ ನಿರುಕ್ತಿಕಾರರು ಕೊಟ್ಟಿರುವ ಗಮನ ಅಲ್ಪ. ನಾಯಿನರಿಗಳ ಕೂಗೆಂದು ಅರ್ಥ ಹೇಳಿ, ಅನುಕರಣವೆಂದು ಗುರುತು ಹಚ್ಚಿ ಮುಂದೆ ಸಾಗುವುದು ವಾಡಿಕೆ. ಈ ಗುರುತು ಪದದ ಹುಟ್ಟನ್ನು ಕುರಿತು ಏನನ್ನೋ ಹೇಳುತ್ತದೆ. ಆದರೆ ಅದರ ವ್ಯಾಕರಣವನ್ನೂ ಇತಿಹಾಸವನ್ನೂ ಮರೆಮಾಡುತ್ತದೆ ಎಂಬುದು ನಮ್ಮ ವಾದ.

ಮೊದಲು ವ್ಯಾಕರಣವನ್ನು ಪರಿಶೀಲಿಸೋಣ. ಕನ್ನಡ ವ್ಯಾಕರಣ ಪರಂಪರೆಯು ಅನುಕರಣಗಳನ್ನು ಅವ್ಯಯಗಳಲ್ಲಿ ಎಣಿಸುತ್ತದೆ. ಅವು ವಿಭಕ್ತಿಪ್ರತ್ಯಯಗಳನ್ನು ಪಡೆಯದೆ ‘ಎಂದು’ ಅಥವಾ ‘-ನೆ’ ಎಂಬುದರ ನೆರವಿನಿಂದ ವಾಕ್ಯವನ್ನು ಪ್ರವೇಶಿಸುತ್ತವೆ: ‘ಢಣ್ ಎಂದು’, ‘ಗಳಗಳನೆ’, ‘ಗೊಳೋ ಎಂದು’. ‘ಊಳು’ ಹೀಗೆ ವರ್ತಿಸುವುದಿಲ್ಲ. *‘ಊಳೆಂದು ಕೂಗಿತು’ ಎಂಬ ಪ್ರಯೋಗ ಅಸಾಧು. ‘ಊಳಿನ’, ‘ಊಳಿಗೆ’ ಎಂಬ ರೂಪಗಳು ಸಾಧು. ‘ದೀರ್ಘವಾದ ಊಳು’ ಎಂದು ವಿಶೇಷಣವೂ ಸೇರುತ್ತದೆ. ಕ್ರಿಯೆಯಾಗಬೇಕಾದಾಗ ಅದು ‘ಇಡು’ ಧಾತುವನ್ನು ಆಶ್ರಯಿಸಿ ‘ಮೊರೆಯಿಡು’, ‘ಬೊಬ್ಬೆಯಿಡು’, ‘ಗೋಳಿಡು’ ಎಂಬ ಸಮಸ್ತಕ್ರಿಯೆಗಳ ಸಾಲಿಗೆ ಸೇರುತ್ತದೆ. ‘ನರಿ ಊ ಎಂದು ಊಳಿಟ್ಟಿತು’ ಎಂಬ ಸರಳ ವಾಕ್ಯದಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಅನುಕರಣವಾಗಿರುವುದು ‘ಊ’. ‘ಊಳು’ ಆ ಧ್ವನಿಯ ಹೆಸರು. ಎರಡೂ ಒಂದೇ ಆಗಿದ್ದರೆ ವಾಕ್ಯದಲ್ಲಿ ಎರಡಕ್ಕೂ ಬೇರೆಬೇರೆ ಸ್ಥಾನಗಳು ದೊರೆಯುತ್ತಿರಲಿಲ್ಲ.

ಇನ್ನು ಇತಿಹಾಸ. ತಮಿಳಿನ ‘ಊಳೈ’, ತೆಲುಗಿನ ‘ಊಳ’, ನರಿಯನ್ನು ಹೇಳುವ ಮಲಯಾಳದ ‘ಊಳನ್’ ಇವು ನಮ್ಮ ಪದದ ಬಳಗ. ತಮಿಳಿನಲ್ಲಿ ‘ಊಳೈಯಿಡು’ ಎಂದೂ ತೆಲುಗಿನಲ್ಲಿ ‘ಊಳ ವೇಯು’ ಎಂದೂ ಬಳಕೆಯಿದೆ. ನಾಮಪದ ಸಮಾನವಾಗಿದ್ದು ಸಹಾಯಕ ಧಾತು ಭಿನ್ನವಾಗಿರುವುದನ್ನು ಗಮನಿಸಬೇಕು. ಸ್ವತಂತ್ರ ನಾಮವಾಗಿ ನಿಂತ ಪದಕ್ಕೆ ಆಯಾ ಭಾಷೆ ತನ್ನ ಕ್ರಿಯೆಯನ್ನು ಜೋಡಿಸಿಕೊಂಡಿದೆ ಎಂದು ಇದರಿಂದ ಊಹಿಸುವುದು ಯುಕ್ತ. ತಮಿಳಿನ ರೂಪದಲ್ಲಿ ಇರುವುದು ‘ಳ’ಕಾರವೇ ಹೊರತು ‘ೞ’ಕಾರವಲ್ಲ ಎಂಬುದೂ ಮುಖ್ಯ. ಕನ್ನಡದಲ್ಲಿ ಇವೆರಡೂ ಬೆರೆತುಹೋದ ಕಾರಣ ‘ಊಳು’ ಮತ್ತು ‘ಊಳಿಗ’ ಇಂದು ಒಂದೇ ಮೂಲದವೆಂಬಂತೆ ತೋರುತ್ತವೆ. ಎರಡನೆಯದು ಹಳಗನ್ನಡದಲ್ಲಿ ‘ಊೞಿಗ’. ತಮಿಳಿನ ‘ಊೞಿಯಂ’ ಅದರ ಸಂಬಂಧಿ. ಕೇವಲ ಧ್ವನಿಯ ಅನುಕರಣವೆಂದು ಕೈಬಿಟ್ಟಿದ್ದರೆ ಈ ವಿವೇಚನೆಗೆ ಅವಕಾಶವೇ ಇರುತ್ತಿರಲಿಲ್ಲ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿರುಕ್ತಕೋಶ (1961, ಪರಿಷ್ಕೃತ ಆವೃತ್ತಿ 1984) ಇಂಥ ಪದಗಳಿಗೂ ಸ್ಥಾನ ಕೊಟ್ಟಿರುವುದರ ಔಚಿತ್ಯ ಇಲ್ಲಿ ತಿಳಿಯುತ್ತದೆ.

‘ಊಳು’ ಪದವನ್ನು ಸಂಸ್ಕೃತದ ‘ಉಲೂಲು’, ಲ್ಯಾಟಿನ್ನಿನ ‘ಉಲುಲಾರೆ’, ಗ್ರೀಕಿನ ‘ಒಲೊಲುಜೊ’ಗಳ ಜೊತೆ ಹೋಲಿಸುವ ಆಸೆ ಯಾರಿಗಾದರೂ ಹುಟ್ಟಬಹುದು. ಇದನ್ನು ತಳ್ಳಿಹಾಕಲು ‘ಲ’ ಮತ್ತು ‘ಳ’ಗಳ ಭೇದವೊಂದೇ ಸಾಲದು, ‘ಮಂಗಲ’ ‘ಮಂಗಳ’ವಾದಂತೆ ಆ ವ್ಯತ್ಯಾಸ ಕನ್ನಡದಲ್ಲಿ ಸಹಜ. ನಿಜವಾದ ತೊಡಕುಗಳು ಎರಡು. ಮೊದಲನೆಯದಾಗಿ, ಆ ಮೂರೂ ರೂಪಗಳಲ್ಲಿ ದ್ವಿರುಕ್ತಿಯಿದೆ, ದ್ರಾವಿಡ ರೂಪಗಳಲ್ಲಿ ಅದರ ಕುರುಹಿಲ್ಲ. ಎರವಲಿನಲ್ಲಿ ಅದು ಎಲ್ಲ ಸೋದರ ಭಾಷೆಗಳಲ್ಲೂ ಒಂದೇ ಬಗೆಯಾಗಿ ಲೋಪಿಸಿತೆನ್ನಲು ಆಧಾರ ಬೇಕು. ಎರಡನೆಯದು ಅರ್ಥದ ತೊಡಕು. ಛಾಂದೋಗ್ಯೋಪನಿಷತ್ತಿನಲ್ಲಿ ‘ಉಲೂಲು’ ಘೋಷಗಳು ಏಳುವುದು ಆದಿತ್ಯನ ಜನನದ ಸಂದರ್ಭದಲ್ಲಿ. ಬಂಗಾಳದ ಮದುವೆಮನೆಯ ‘ಉಲುಧ್ವನಿ’ ಮಂಗಳಸೂಚಕ. ಗ್ರೀಕಿನ ಪದವೂ ಬಹುಮಟ್ಟಿಗೆ ಸ್ತ್ರೀಯರು ದೇವತಾಕಾರ್ಯದಲ್ಲಿ ಎತ್ತುವ ದನಿಗೆ ಸಂಬಂಧಿಸಿದ್ದು. ಲ್ಯಾಟಿನ್ನಿನಲ್ಲಿ ಮಾತ್ರ ತೋಳದ ಕೂಗೂ ಶೋಕದ ಕೂಗೂ ಒಂದೇ ಪದದಲ್ಲಿ ಕೂಡುತ್ತವೆ. ಒಂದು ಅರ್ಥ ಹೊಂದಿತೆಂದು ಉಳಿದ ಅರ್ಥಗಳನ್ನು ಬದಿಗಿಡುವುದು ಶಾಸ್ತ್ರವಲ್ಲ.

ಹಾಗಾದರೆ ‘ಊಳು’ವಿನ ಶೋಕ ಎಲ್ಲಿಂದ ಬಂತು? ಧ್ವನಿಯ ಗುಣದಿಂದಲೇ ಬಂದಿತೆಂದು ಹೇಳಲಾಗದು. ಅದೇ ಉಕಾರ ಮತ್ತು ಲಕಾರಗಳು ಬೇರೆಡೆ ಸಂಭ್ರಮವನ್ನು ಹೇಳುತ್ತವೆ. ನಾಯಿಯ ಕೂಗಿಗೆ ಕನ್ನಡದಲ್ಲಿ ಎರಡು ಹೆಸರುಗಳಿವೆ. ‘ಬೊಗಳು’ ಎದುರಿಗಿರುವವರನ್ನು ಕುರಿತದ್ದು, ‘ಊಳು’ ಯಾರನ್ನೂ ಕುರಿತದ್ದಲ್ಲ. ಇರುಳಿನಲ್ಲಿ ನಾಯಿ ಊಳಿಟ್ಟರೆ ಸಾವಿನ ಸೂಚನೆಯೆಂಬ ನಂಬಿಕೆ ಈ ಪದಕ್ಕೆ ಅಮಂಗಳದ ನೆರಳನ್ನು ತಂದಿದೆ. ಆದರೂ ಆ ಶೋಕ ಕೇಳುವವರದು, ಕೂಗುವ ಪ್ರಾಣಿಯದಲ್ಲ. ‘ಗೋಳು’ ಹಿಡಿದ ದಾರಿ ಬೇರೆ. ಅಳುವಿನ ದನಿಯಿಂದ ಹೊರಟು ಅದು ಕಷ್ಟ, ಸಂಕಟ ಎಂಬ ಅರ್ಥಕ್ಕೆ ವಿಸ್ತರಿಸಿತು. ‘ನನ್ನ ಗೋಳು ಯಾರಿಗೆ ಹೇಳಲಿ’ ಎನ್ನುವವರು ಧ್ವನಿಯ ಮಾತನ್ನೇ ಆಡುತ್ತಿಲ್ಲ. ‘ನನ್ನ ಊಳು’ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಮನುಷ್ಯರ ಅಳುವಿಗೆ ಈ ಪದವನ್ನು ಬಳಸಿದರೆ ಅಳುವವರನ್ನು ಹೀಗಳೆದಂತಾಗುತ್ತದೆ.

ಇದರಿಂದ ನಿಘಂಟುಕಾರರೂ ಅನುವಾದಕರೂ ಗಮನಿಸಬೇಕಾದ ಸಂಗತಿಯೊಂದು ಹೊರಡುತ್ತದೆ. ಅರಬ್ ನಾಡಿನ ಮದುವೆಗಳಲ್ಲಿ ಹೆಂಗಸರು ಎತ್ತುವ ಹರ್ಷಧ್ವನಿಯನ್ನಾಗಲಿ ಬಂಗಾಳದ ಉಲುಧ್ವನಿಯನ್ನಾಗಲಿ ‘ಊಳಿಡುವಿಕೆ’ ಎಂದು ಕನ್ನಡಿಸಿದರೆ ಒಂದು ಸಮುದಾಯದ ಮಂಗಳವನ್ನು ನಾಯಿನರಿಗಳ ಸಾಲಿಗೆ ತಂದಂತೆ. ಸತ್ತವರಿಗಾಗಿ ಅಳುವವರ ವಿಷಯದಲ್ಲಿಯೂ ಈ ತಪ್ಪು ಸಣ್ಣದಲ್ಲ. ಆದುದರಿಂದ ನಿಘಂಟುಗಳು ‘ಊಳು’ವನ್ನು ನಾಮಪದವೆಂದು ನಮೂದಿಸಿ, ಸೋದರ ಭಾಷೆಗಳ ರೂಪಗಳನ್ನು ಕೊಟ್ಟು, ಮನುಷ್ಯರಿಗೆ ಅನ್ವಯಿಸಿದಾಗ ನಿಂದಾರ್ಥಕವೆಂಬ ಸೂಚನೆಯನ್ನೂ ಸೇರಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಪದದ ಹುಟ್ಟು ಅನುಕರಣದಲ್ಲೇ ಇರಬಹುದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪದದ ಹುಟ್ಟು ಬೇರೆ, ಬಾಳು ಬೇರೆ. ನಿಘಂಟು ಎರಡಕ್ಕೂ ಲೆಕ್ಕ ಕೊಡಬೇಕು.