ದಾಸಿಯ ಮುಖ, ರಾಧೆಯ ಹೆಸರು

ರಾಜಸ್ಥಾನದ ಕಿಶನ್‌ಗಡದ ಮಿನಿಯೇಚರ್ ಚಿತ್ರಗಳಲ್ಲಿ ‘ಪ್ರೇಮನೌಕೆ’ ಎಂದು ಹೆಸರಾದದ್ದೊಂದು ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಹದಿನೆಂಟನೆಯ ಶತಮಾನದ ನಡುಭಾಗದ್ದು, ನಿಹಾಲ್‌ಚಂದ್ ಬರೆದದ್ದೆಂದು ಹೇಳುತ್ತಾರೆ. ವಿಶಾಲ ಸರೋವರ, ಆಚೆ ದಡದಲ್ಲಿ ಬಿಳಿ ಅರಮನೆಗಳ ಸಾಲು, ನೀರಿನ ನಡುವೆ ಕೆಂಪು ದೋಣಿ, ಅದರಲ್ಲಿ ಸಖಿಯರ ಜೊತೆ ರಾಧಾಕೃಷ್ಣರು. ಇದು ವೃಂದಾವನವೋ ಕಿಶನ್‌ಗಡದ ಆಸ್ಥಾನವೋ ಬಿಡಿಸಿ ಹೇಳುವುದು ಕಷ್ಟ. ಹಾಗೆ ಕಾಣಿಸಬೇಕೆಂಬುದೇ ಇಲ್ಲಿನ ಇರಾದೆ. ಆಗಿನ ದೊರೆ ಸಾವಂತ್ ಸಿಂಗ್ ‘ನಾಗರೀದಾಸ್’ ಎಂಬ ಹೆಸರಿನಲ್ಲಿ ಕೃಷ್ಣಭಕ್ತಿಯ ಪದ್ಯ ಬರೆಯುತ್ತಿದ್ದವನು. ಸರಿ, ದೊರೆಯೇ ಕೃಷ್ಣನಾದರೆ ರಾಧೆ ಯಾರು?

ಈ ಶೈಲಿಯ ರಾಧೆಗೆ ಮಾದರಿಯಾದವಳು ‘ಬನೀ ಠನೀ’ ಎಂಬ ಮಾತು ಹಿಂದಿನಿಂದಲೂ ಇದೆ. ದೊರೆಯ ಮಲತಾಯಿಯ ಪರಿವಾರದಲ್ಲಿ ಹಾಡುತ್ತಿದ್ದ ದಾಸಿ ಅವಳು. ಆಮೇಲೆ ದೊರೆಯ ಸಂಗಾತಿ. ಬನೀ ಠನೀ ಅಂದರೆ ‘ಸಿಂಗಾರ ಮಾಡಿಕೊಂಡವಳು’. ಇದು ಹೆಸರಲ್ಲ, ನೋಡುವವರು ಅಂಟಿಸಿದ ಗುರುತು. 1973ರಲ್ಲಿ ಅಂಚೆ ಇಲಾಖೆ 20 ಪೈಸೆಯ ಚೀಟಿಯ ಮೇಲೆ ಆ ಪ್ರಸಿದ್ಧ ಮುಖವನ್ನು ಅಚ್ಚು ಹಾಕಿತು. ಅಲ್ಲಿ ಆ ಗುರುತೂ ಇಲ್ಲ, ‘ರಾಧಾ’ ಅಂತಿದೆ.

‘ದಾಸಿಯನ್ನು ದೇವಿ ಮಾಡಿದ್ದಾರಲ್ಲ, ಇನ್ನೇನು ಬೇಕು?’ ಎನ್ನುವವರಿದ್ದಾರೆ. ಚಿತ್ರವನ್ನೇ ನೋಡಿ: ಕಿವಿಯ ಕಡೆಗೆ ಎಳೆದ ಕಣ್ಣು, ಕಮಾನು ಹುಬ್ಬು, ಚೂಪು ಗಲ್ಲ. ಅದು ಯಾವ ಹೆಣ್ಣಿಗೂ ಇಲ್ಲದ ಕಣ್ಣು. ಮುಖವನ್ನು ದೈವತ್ವಕ್ಕೆ ಏರಿಸುತ್ತ ಏರಿಸುತ್ತ ಊಳಿಗದ ಗುರುತನ್ನೆಲ್ಲ ಅಳಿಸಿಹಾಕಲಾಗಿದೆ. ಯಜಮಾನ ಸಂಸ್ಕೃತಿ ಕೆಳಗಿನವರನ್ನು ಒಳಗೆ ಬಿಟ್ಟುಕೊಳ್ಳುವ ಕ್ರಮವೇ ಇದು: ಬಾ, ಆದರೆ ನೀನಾಗಿ ಬರಬೇಡ.

ನಾವೆಲ್ಲ ಎಂ.ಎ.ಯಲ್ಲಿ ನಾಯಿಕಾಭೇದ ಉರು ಹೊಡೆದವರೇ. ಮುಗ್ಧೆ, ಮಧ್ಯೆ, ಪ್ರೌಢೆ. ಇವರಲ್ಲಿ ಒಬ್ಬಳಾದರೂ ಕೂಲಿಗೆ ಹೋದವಳಲ್ಲ. ರಸ ಎಲ್ಲರದೂ ಅಂತ ಪಾಠ ಹೇಳುತ್ತೇವೆ. ರಸಿಕನಾಗುವ ಬಿಡುವು ಯಾರಿಗಿತ್ತು, ಆ ಬಿಡುವಿಗಾಗಿ ದುಡಿದವರು ಯಾರು ಎಂದು ಕೇಳುವುದಿಲ್ಲ. ದಲಿತ ವಿಮರ್ಶೆ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ.

ಹಾಗಂತ ‘ಇದು ಅರಮನೆಯ ಕಸ, ಎಸೀರಿ’ ಎನ್ನುವ ನಮ್ಮ ಗೆಳೆಯರ ಆತುರವನ್ನೂ ನಾನು ಒಪ್ಪಲಾರೆ. ಎಸೆದರೆ ದೊರೆಗೆ ನಷ್ಟವಿಲ್ಲ. ಕುಂಚ ಹಿಡಿದ ನಿಹಾಲ್‌ಚಂದನ ಕೈಯೂ ಹಾಡಿದವಳ ಕೊರಳೂ ಎರಡನೆಯ ಸಲ ಕಳೆದುಹೋಗುತ್ತವೆ. ಅವಳನ್ನು ಅವಸರದಲ್ಲಿ ದಲಿತಳೆಂದು ಕರೆಯುವುದೂ ಬೇಡ. ದಾಸ್ಯ ಬೇರೆ, ಅಸ್ಪೃಶ್ಯತೆ ಬೇರೆ. ಎರಡನ್ನೂ ಒಂದು ಮಾಡಿದರೆ ಅಸ್ಪೃಶ್ಯತೆಯ ಉರಿ ನಮ್ಮ ಕೈಯಲ್ಲೇ ತಣ್ಣಗಾಗುತ್ತದೆ.

ಮುಖ್ಯವಾದದ್ದು ಇನ್ನೊಂದಿದೆ. ಅವಳು ಬರೀ ಮುಖವಲ್ಲ, ಕವಿ. ‘ರಸಿಕಬಿಹಾರಿ’ ಎಂಬ ಅಂಕಿತದಲ್ಲಿ ಪದಗಳನ್ನು ಕಟ್ಟಿದವಳು. ಆ ಅಂಕಿತವೂ ಗಂಡಿನದು, ಕೃಷ್ಣನದು. ಆದರೂ ಮಾತು ಅವಳದು. ಅವಳನ್ನು ಭಾರತದ ಮೊನಾಲಿಸಾ ಅಂತ ಕೊಂಡಾಡುವ ಕಲಾಪ್ರೇಮಿಗಳಲ್ಲಿ ಆ ಪದಗಳನ್ನು ಓದಿದವರು ಎಷ್ಟು ಜನ? ಚಿತ್ರದ ಅಚ್ಚು ಗೋಡೆಗೆ ಹಾಕುವುದು ಸುಲಭ. ಮೊದಲು ಅವಳ ಪದಗಳನ್ನು ಕನ್ನಡಕ್ಕೆ ತಂದು ಓದೋಣ. ಮುಖದ ಮಾತು ಆಮೇಲೆ.